ಸಬ್‌ವೂಫರ್ (ಹೋಮ್ ಥಿಯೇಟರ್)

ಸಬ್‌ವೂಫರ್ ಎಂಬುದು ಶಬ್ದದ ಅತ್ಯಂತ ಕೆಳಗಿನ ಶ್ರುತಿಗಳನ್ನು ಮಾತ್ರ ನುಡಿಸುವುದಕ್ಕಾಗಿ ರಚಿಸಲಾದ ಧ್ವನಿವರ್ಧಕ. ಮನುಷ್ಯನ ಕಿವಿಗೆ ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗಿನ ಕಂಪನಗಳು ಕೇಳಿಸುತ್ತವೆ. ಇವುಗಳಲ್ಲಿ ಸುಮಾರು 20ರಿಂದ 80 ಅಥವಾ 120 ಹರ್ಟ್ಸ್‌ವರೆಗಿನ ಭಾಗವನ್ನು ಸಬ್‌ವೂಫರ್ ವಹಿಸಿಕೊಳ್ಳುತ್ತದೆ. 'ವೂಫರ್' ಎಂಬ ಹೆಸರು ನಾಯಿಯ ಬೊಗಳುವಿಕೆಯನ್ನು ಸೂಚಿಸುವ ಇಂಗ್ಲಿಷಿನ 'ವೂಫ್' ಎಂಬ ಪದದಿಂದ ಬಂದಿದೆ. ನಮ್ಮ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಅದೊಂದು ಅನುಕರಣ ಶಬ್ದ. ಮೇಲಿನ ಶ್ರುತಿಗಳ ಚಿಕ್ಕ ಧ್ವನಿವರ್ಧಕಕ್ಕೆ ಹಕ್ಕಿಯ ಚಿಲಿಪಿಲಿಯಿಂದ 'ಟ್ವೀಟರ್' ಎಂಬ ಹೆಸರು ಬಂದಂತೆಯೇ ಇದೂ ಬಂದಿತು. ವೂಫರಿಗಿಂತಲೂ ಕೆಳಗೆ ಇಳಿಯುವಂಥದು ಸಬ್‌ವೂಫರ್.

ಹೋಮ್ ಥಿಯೇಟರಿನ ಇತರ ಧ್ವನಿವರ್ಧಕಗಳ ಸ್ಥಾನ ಬಹುಮಟ್ಟಿಗೆ ಮೊದಲೇ ನಿಶ್ಚಿತವಾಗಿರುತ್ತದೆ. ಸಂಭಾಷಣೆಯದು ಪರದೆಯ ನಡುವೆ, ಎಡಬಲದವು ಅದರ ಇಕ್ಕೆಲಗಳಲ್ಲಿ, ಸುತ್ತುಧ್ವನಿಯವು ಆಸನದ ಪಕ್ಕದಲ್ಲಿ ಅಥವಾ ಹಿಂದೆ. ಸಬ್‌ವೂಫರಿಗೆ ಮಾತ್ರ ಇಂಥ ಗೊತ್ತಾದ ಜಾಗವಿಲ್ಲ. ಒಂದೇ ಕಂಪನಿಯ ಒಂದೇ ಮಾದರಿಯ ಪೆಟ್ಟಿಗೆ ಒಂದು ಮನೆಯಲ್ಲಿ ಗಂಭೀರವಾಗಿ ನುಡಿದು ಇನ್ನೊಂದು ಮನೆಯಲ್ಲಿ ಬರಿಯ ಗುಡುಗುಡು ಸದ್ದು ಮಾಡುವುದುಂಟು. ಇದಕ್ಕೆ ಕಾರಣ ಹೆಚ್ಚಾಗಿ ಪೆಟ್ಟಿಗೆಯಲ್ಲ, ಕೋಣೆ. ಆದ್ದರಿಂದ ಸಬ್‌ವೂಫರನ್ನು ಆರಿಸುವ ಮೊದಲು ಕೆಳಶ್ರುತಿಯ ಶಬ್ದವು ನಾಲ್ಕು ಗೋಡೆಗಳ ನಡುವೆ ಹೇಗೆ ವರ್ತಿಸುತ್ತದೆ ಎಂಬುದನ್ನು ತಿಳಿದಿರುವುದು ಅವಶ್ಯಕ.

ಕೆಳಶ್ರುತಿಯ ಸ್ವರೂಪ

ಗಾಳಿಯಲ್ಲಿ ಶಬ್ದದ ವೇಗ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್. ಈ ವೇಗವನ್ನು ಕಂಪನಸಂಖ್ಯೆಯಿಂದ ಭಾಗಿಸಿದರೆ ತರಂಗಾಂತರ, ಅಂದರೆ ಒಂದು ಅಲೆಯ ಉದ್ದ, ದೊರೆಯುತ್ತದೆ. 1,000 ಹರ್ಟ್ಸ್‌ನ ಅಲೆ ಕೇವಲ 34 ಸೆಂಟಿಮೀಟರ್ ಉದ್ದದ್ದು. 80 ಹರ್ಟ್ಸ್‌ನದು 4.3 ಮೀಟರ್, 20 ಹರ್ಟ್ಸ್‌ನದು ಸುಮಾರು 17 ಮೀಟರ್. ಎಂದರೆ ಸಬ್‌ವೂಫರ್ ನುಡಿಸುವ ಅಲೆಗಳು ಅವು ಹುಟ್ಟುವ ಕೋಣೆಯಷ್ಟೇ ದೊಡ್ಡವು, ಕೆಲವಂತೂ ಕೋಣೆಗಿಂತ ಎಷ್ಟೋ ದೊಡ್ಡವು. ಈ ವಿಷಯದ ಎಲ್ಲ ತೊಡಕುಗಳಿಗೂ ಇದೇ ಮೂಲ.

ಇದರಿಂದ ಒಂದು ಅನುಕೂಲವೂ ಉಂಟು. ಶಬ್ದ ಯಾವ ಕಡೆಯಿಂದ ಬರುತ್ತಿದೆ ಎಂಬುದನ್ನು ಮಿದುಳು ಎರಡು ಕಿವಿಗಳಿಗೆ ಬಿದ್ದ ಶಬ್ದಗಳ ಸೂಕ್ಷ್ಮ ವ್ಯತ್ಯಾಸದಿಂದ ಗುರುತಿಸುತ್ತದೆ. ಹಲವು ಮೀಟರ್ ಉದ್ದದ ಅಲೆಯ ಮುಂದೆ ಎರಡು ಕಿವಿಗಳ ನಡುವಿನ ಅಂತರ ಅತ್ಯಲ್ಪ. ಹೀಗಾಗಿ ಮುಚ್ಚಿದ ಕೋಣೆಯಲ್ಲಿ ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ಶಬ್ದದ ದಿಕ್ಕನ್ನು ಹೇಳುವುದು ಕಷ್ಟ. ಸಬ್‌ವೂಫರನ್ನು ಕೋಣೆಯ ಯಾವ ಮೂಲೆಯಲ್ಲಿಟ್ಟರೂ ಸ್ಫೋಟದ ಸದ್ದು ಪರದೆಯಿಂದಲೇ ಬಂದಂತೆ ತೋರುವುದು ಇದರಿಂದಾಗಿ.

ಪಿಯಾನೋದ ಅತ್ಯಂತ ಕೆಳಗಿನ ಸ್ವರ 27.5 ಹರ್ಟ್ಸ್, ಬೇಸ್ ಗಿಟಾರಿನ ಕೆಳತಂತಿ ಸುಮಾರು 41 ಹರ್ಟ್ಸ್. ಗಂಡಸರ ಮಾತಿನ ಮೂಲಶ್ರುತಿ ಸಾಮಾನ್ಯವಾಗಿ 85 ಹರ್ಟ್ಸ್‌ಗಿಂತ ಮೇಲೆಯೇ ಇರುತ್ತದೆ. ಆದ್ದರಿಂದ ಚಲನಚಿತ್ರದ ಸಂಭಾಷಣೆ ಸಬ್‌ವೂಫರಿನ ಪೆಟ್ಟಿಗೆಯೊಳಗಿಂದ ಬಂದಂತೆ ಕೇಳಿಸಿದರೆ ಹೊಂದಿಕೆ ತಪ್ಪಿದೆ ಎಂದೇ ಅರ್ಥ. ಮೃದಂಗದ ಎಡಗಡೆಗೆ ರವೆಯ ಕಣಕವನ್ನು ಮೆತ್ತಿ ಶ್ರುತಿ ಇಳಿಸುವುದನ್ನು ಕಛೇರಿಗಳಲ್ಲಿ ಕಂಡವರು ಒಂದು ವಿಷಯವನ್ನು ಸುಲಭವಾಗಿ ಗ್ರಹಿಸಬಲ್ಲರು. ಕೆಳಗಿನ ನಾದಕ್ಕೆ ಭಾರವೂ ವಿಸ್ತಾರವೂ ಬೇಕು. ಸಬ್‌ವೂಫರಿನ ದಪ್ಪ ಕೋನ್, ದೊಡ್ಡ ಪೆಟ್ಟಿಗೆ ಇವುಗಳ ಹಿಂದೆ ಇರುವುದೂ ಇದೇ ತತ್ತ್ವ.

ಕಿವಿಯ ಒಂದು ಗುಣವನ್ನೂ ಇಲ್ಲಿ ಹೇಳಬೇಕು. 1933ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ಬೇರೆ ಬೇರೆ ಶ್ರುತಿಗಳು ಸಮಾನ ಗಟ್ಟಿತನದಲ್ಲಿ ಕೇಳಿಸಲು ಎಷ್ಟೆಷ್ಟು ತೀವ್ರತೆ ಬೇಕೆಂಬುದರ ರೇಖೆಗಳನ್ನು ಪ್ರಕಟಿಸಿದರು. ಕೆಳಶ್ರುತಿಗಳಿಗೆ ಕಿವಿ ಬಹಳ ಮಂದ. 20 ಹರ್ಟ್ಸ್‌ನ ಶಬ್ದ ಕೇಳಿಸತೊಡಗುವುದಕ್ಕೇ 70 ಡೆಸಿಬಲ್‌ಗೂ ಮಿಕ್ಕಿದ ತೀವ್ರತೆ ಬೇಕು. ಆದರೆ ಒಮ್ಮೆ ಕೇಳತೊಡಗಿದ ಮೇಲೆ ಸ್ವಲ್ಪವೇ ಏರಿಸಿದರೂ ಅದು ಬಹಳ ಗಟ್ಟಿಯಾದಂತೆ ಅನ್ನಿಸುತ್ತದೆ. ಸಬ್‌ವೂಫರಿನ ತಿರುಗಣೆಯನ್ನು ಕೂದಲೆಳೆಯಷ್ಟು ತಿರುಗಿಸಿದರೂ ವ್ಯತ್ಯಾಸ ಎದ್ದು ಕಾಣುವುದು ಈ ಕಾರಣಕ್ಕಾಗಿ.

ಇತಿಹಾಸ

ಕೆಳಶ್ರುತಿಗೆಂದೇ ಪ್ರತ್ಯೇಕ ಧ್ವನಿವರ್ಧಕವಿರಬೇಕೆಂಬ ಕಲ್ಪನೆ ಜನರ ಗಮನಕ್ಕೆ ಬಂದದ್ದು ಹೆಚ್ಚಾಗಿ ಚಿತ್ರಮಂದಿರಗಳ ಮೂಲಕ. 1974ರ 'ಅರ್ತ್‌ಕ್ವೇಕ್' ಎಂಬ ಹಾಲಿವುಡ್ ಚಿತ್ರಕ್ಕಾಗಿ ಯೂನಿವರ್ಸಲ್ ಸಂಸ್ಥೆಯು 'ಸೆನ್ಸರೌಂಡ್' ಎಂಬ ವ್ಯವಸ್ಥೆಯನ್ನು ಬಳಸಿ, ಭೂಕಂಪದ ನಡುಕವನ್ನು ಪ್ರೇಕ್ಷಕರ ಮೈಗೆ ತಾಗುವಂತೆ ಮಾಡಿತು. 1977ರ 'ಸ್ಟಾರ್ ವಾರ್ಸ್' ಚಿತ್ರದ 70 ಮಿಲಿಮೀಟರ್ ಪ್ರತಿಗಳಲ್ಲಿ ಕೆಳಶ್ರುತಿಗೆ ಬೇರೆಯ ಪಥಗಳನ್ನು ಮೀಸಲಿಡಲಾಯಿತು. 1992ರಲ್ಲಿ 'ಬ್ಯಾಟ್‌ಮ್ಯಾನ್ ರಿಟರ್ನ್ಸ್' ಚಿತ್ರದೊಂದಿಗೆ ಡಾಲ್ಬಿ ಡಿಜಿಟಲ್ ಚಿತ್ರಮಂದಿರಗಳಿಗೆ ಬಂದಿತು. ಮುಂದೆ ಡಿವಿಡಿಯ ಮೂಲಕ 5.1 ಎಂಬ ವಿನ್ಯಾಸ ಮನೆಗಳನ್ನು ಪ್ರವೇಶಿಸಿತು.

ಈ 5.1ರಲ್ಲಿನ '.1' ಎಂಬುದು ಕೆಳಶ್ರುತಿಯ ಪರಿಣಾಮಗಳಿಗೆಂದು ಮೀಸಲಾದ ವಾಹಿನಿ. ಅದು ಸುಮಾರು 120 ಹರ್ಟ್ಸ್‌ವರೆಗಿನ ಶಬ್ದವನ್ನು ಮಾತ್ರ ಒಯ್ಯುವುದರಿಂದ ಪೂರ್ಣ ವಾಹಿನಿಯೆಂದು ಲೆಕ್ಕಕ್ಕೆ ಬರುವುದಿಲ್ಲ. ಹೆಸರಿನಲ್ಲಿರುವ ದಶಾಂಶ ಇದನ್ನೇ ಸೂಚಿಸುತ್ತದೆ. ಈ ವಾಹಿನಿಯೇ ಸಬ್‌ವೂಫರ್ ಎಂದು ಅನೇಕರು ಭಾವಿಸುತ್ತಾರೆ, ಹಾಗಲ್ಲ. ಮನೆಯಲ್ಲಿ ಚಿಕ್ಕ ಧ್ವನಿವರ್ಧಕಗಳು ನುಡಿಸಲಾರದ ಎಲ್ಲ ವಾಹಿನಿಗಳ ಕೆಳಶ್ರುತಿಯನ್ನೂ ರಿಸೀವರ್ ಬೇರ್ಪಡಿಸಿ ಸಬ್‌ವೂಫರಿಗೇ ಕಳುಹಿಸುತ್ತದೆ. '.1' ವಾಹಿನಿಯಿಲ್ಲದ ಹಳೆಯ ಚಲನಚಿತ್ರವನ್ನೋ ಸಂಗೀತವನ್ನೋ ಹಾಕಿದಾಗಲೂ ಸಬ್‌ವೂಫರಿಗೆ ಕೆಲಸವಿರುವುದು ಇದರಿಂದ.

ಕೋಣೆಯೊಳಗೆ ನಡೆಯುವುದೇನು

ಅಗಲಬಾಯಿಯ ಬೋಗುಣಿಯಲ್ಲಿ ನೀರು ತುಂಬಿ ಎತ್ತಿಕೊಂಡು ನಡೆದವರಿಗೆ ಇದು ಗೊತ್ತು. ಹೆಜ್ಜೆಯ ಲಯ ಒಂದು ಹದಕ್ಕೆ ಬಂದಾಗ ನೀರು ಅತ್ತಿತ್ತ ತುಯ್ದು ಎರಡೂ ಅಂಚುಗಳಲ್ಲಿ ಉಕ್ಕುತ್ತದೆ. ನಡುವೆ ಮಾತ್ರ ನೀರಿನ ಮಟ್ಟ ಹೆಚ್ಚುಕಡಿಮೆ ಇದ್ದಂತೆಯೇ ಇರುತ್ತದೆ. ಹೆಜ್ಜೆಯ ಲಯ ಬದಲಿಸಿದರೆ ತುಯ್ದಾಟವೂ ನಿಲ್ಲುತ್ತದೆ. ಕೋಣೆಯ ಗಾಳಿಯಲ್ಲಿ ಕೆಳಶ್ರುತಿಯ ಶಬ್ದ ಮಾಡುವುದೂ ಹೀಗೆಯೇ. ಅಲೆ ಗೋಡೆಗೆ ಬಡಿದು ಹಿಂದಿರುಗಿ, ಬರುತ್ತಿರುವ ಅಲೆಯೊಂದಿಗೆ ಕೂಡುತ್ತದೆ. ಕೋಣೆಯ ಅಳತೆಗೆ ಹೊಂದುವ ಕೆಲವು ಕಂಪನಸಂಖ್ಯೆಗಳಲ್ಲಿ ಈ ಕೂಡುವಿಕೆ ನಿಂತ ಅಲೆಯಾಗುತ್ತದೆ. ಆಗ ಗೋಡೆಗಳ ಬಳಿ ಒತ್ತಡ ಅತ್ಯಧಿಕ, ನಟ್ಟನಡುವೆ ಅತ್ಯಲ್ಪ. ಇದನ್ನು ಸ್ಥಾಯೀ ತರಂಗ ಅಥವಾ ಕೋಣೆಯ ಅನುರಣನ ಎನ್ನುತ್ತಾರೆ.

ಇವುಗಳನ್ನು ಲೆಕ್ಕ ಹಾಕುವುದು ಮಾಧ್ಯಮಿಕ ಶಾಲೆಯ ವಿದ್ಯಾರ್ಥಿಗೂ ಸಾಧ್ಯ. 343ನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿದರೆ ಆ ದಿಕ್ಕಿನ ಮೊದಲ ಅನುರಣನ ಸಂಖ್ಯೆ ಸಿಗುತ್ತದೆ. 5 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರದ ಹಜಾರವನ್ನು ತೆಗೆದುಕೊಂಡರೆ ಉದ್ದದ ದಿಕ್ಕಿನಲ್ಲಿ ಅದು 34 ಹರ್ಟ್ಸ್, ಅಗಲದ ದಿಕ್ಕಿನಲ್ಲಿ 43, ಎತ್ತರದಲ್ಲಿ 57. ಇವುಗಳ ಎರಡರಷ್ಟು, ಮೂರರಷ್ಟು ಸಂಖ್ಯೆಗಳಲ್ಲಿಯೂ, ಜೊತೆಗೆ ಎರಡು ಮೂರು ದಿಕ್ಕುಗಳು ಸೇರಿದ ಸಂಕೀರ್ಣ ರೂಪಗಳಲ್ಲಿಯೂ ಅನುರಣನ ಏಳುತ್ತದೆ. ಉದ್ದದ ದಿಕ್ಕಿನ ಎರಡನೆಯ ಅನುರಣನ 69 ಹರ್ಟ್ಸ್‌ನಲ್ಲಿದ್ದು, ಅದರ ಶಬ್ದ ಗೋಡೆಗಳ ಬಳಿಯಲ್ಲಿಯೂ ನಟ್ಟನಡುವೆಯೂ ಜೋರಾಗಿದ್ದು, ಮುಂದಿನ ಗೋಡೆಯಿಂದ 1.25 ಮತ್ತು 3.75 ಮೀಟರ್ ದೂರದಲ್ಲಿ ಬಹುತೇಕ ಅಳಿದುಹೋಗುತ್ತದೆ.

ಹಾಗಾಗಿ ಒಂದೇ ಹಾಡು ಕೇಳುತ್ತ ಕೋಣೆಯ ಉದ್ದಕ್ಕೆ ನಡೆದರೆ ಒಂದು ಸ್ವರ ಇಲ್ಲಿ ಗುಡುಗಿ, ಅಲ್ಲಿ ಕಾಣೆಯಾಗುತ್ತದೆ. ಸೋಫಾವನ್ನು ಹಿಂದಿನ ಗೋಡೆಗೆ ಒತ್ತಿ ಇಡುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಅಲ್ಲಿ ಉದ್ದದ ದಿಕ್ಕಿನ ಎಲ್ಲ ಅನುರಣನಗಳೂ ಪರಮಾವಧಿಯಲ್ಲಿರುವುದರಿಂದ ಶಬ್ದ ಉಬ್ಬಿದಂತೆ ಕೇಳಿಸುತ್ತದೆ. ಸೋಫಾವನ್ನು ಎರಡು ಮೂರು ಅಡಿ ಮುಂದಕ್ಕೆ ತಂದರೆ ಆಗುವ ಸುಧಾರಣೆ ಹಲವು ಬಾರಿ ಹೊಸ ಸಬ್‌ವೂಫರ್ ಕೊಳ್ಳುವುದರಿಂದಲೂ ಆಗದು. ಕೋಣೆಯ ಸರಿಯಾದ ಮಧ್ಯಭಾಗವೂ ಒಳ್ಳೆಯದಲ್ಲ. ಅಲ್ಲಿ 34 ಹರ್ಟ್ಸ್ ಇಲ್ಲವೇ ಇಲ್ಲ ಎನ್ನುವಂತಾಗುತ್ತದೆ. ಉದ್ದದ ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು, ಸುಮಾರು ಶೇಕಡಾ 38ರಷ್ಟು ದೂರದಲ್ಲಿ ಆಸನವಿರಲಿ ಎಂಬ ರೂಢಿಯ ಸಲಹೆ ಈ ಎರಡು ವಿಪರೀತಗಳ ನಡುವಿನದು. ಅದನ್ನು ಆರಂಭದ ಬಿಂದುವೆಂದು ಭಾವಿಸಬೇಕೇ ಹೊರತು ಶಾಸನವೆಂದಲ್ಲ.

ಉದ್ದ, ಅಗಲ, ಎತ್ತರ ಮೂರೂ ಸಮನಾಗಿರುವ ಕೋಣೆ ಎಲ್ಲಕ್ಕಿಂತ ಕಷ್ಟದ್ದು. ನಗರಗಳ 30-40 ನಿವೇಶನದ ಮನೆಗಳಲ್ಲಿ ಹತ್ತಡಿಗೆ ಹತ್ತಡಿಯ ಕೋಣೆ ಸರ್ವೇಸಾಮಾನ್ಯ, ಚಾವಣಿಯೂ ಹತ್ತಡಿ. ಅಂಥಲ್ಲಿ ಮೂರು ದಿಕ್ಕುಗಳ ಅನುರಣನವೂ ಒಂದೇ ಸಂಖ್ಯೆಯ ಮೇಲೆ, ಸುಮಾರು 56 ಹರ್ಟ್ಸ್‌ನ ಮೇಲೆ, ಬಂದು ಬೀಳುತ್ತದೆ. ಯಾವ ಹಾಡು ಹಾಕಿದರೂ ಅದೊಂದೇ ಸ್ವರ ಗುಮ್ಮೆನ್ನುತ್ತದೆ. ಆಯ್ಕೆಯಿದ್ದರೆ ಇಂಥ ಕೋಣೆಯನ್ನು ಬಿಟ್ಟು ಆಯತಾಕಾರದ್ದನ್ನು ಹಿಡಿಯುವುದು ಲೇಸು.

ಗೋಡೆ ಯಾವುದರಿಂದ ಕಟ್ಟಿದ್ದು ಎಂಬುದೂ ಮುಖ್ಯ. ಈ ವಿಷಯದ ಬರಹಗಳು ಹೆಚ್ಚಾಗಿ ಅಮೆರಿಕದವು. ಅಲ್ಲಿನ ಅನೇಕ ಮನೆಗಳು ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಹೊಡೆದು ಕಟ್ಟಿದವು. ಆ ಗೋಡೆಗಳು ಕೆಳಶ್ರುತಿಗೆ ಸ್ವಲ್ಪ ಬಾಗಿ, ಅದರ ಶಕ್ತಿಯಲ್ಲಿ ಒಂದು ಭಾಗವನ್ನು ಹೀರಿಕೊಳ್ಳುತ್ತವೆ, ಇನ್ನೊಂದು ಭಾಗವನ್ನು ಹೊರಗೆ ಬಿಡುತ್ತವೆ. ಇಟ್ಟಿಗೆ, ಕಾಂಕ್ರೀಟ್, ಕರಾವಳಿಯ ಕೆಂಪುಕಲ್ಲುಗಳ ಗೋಡೆ ಅಷ್ಟಾಗಿ ಬಾಗದು. ಹೀಗಾಗಿ ತಾರಸಿ ಮನೆಯ ಕೋಣೆಯಲ್ಲಿ ಕೆಳಶ್ರುತಿ ಹೆಚ್ಚು ಹೊತ್ತು ಉಳಿಯುತ್ತದೆ, ಏರುಪೇರೂ ಹೆಚ್ಚು. ಅದೇ ಮಂಗಳೂರು ಹೆಂಚಿನ ಮಾಡಿನ ಮನೆಯಲ್ಲಿ, ನಡುವೆ ಆಕಾಶಕ್ಕೆ ತೆರೆದ ತೊಟ್ಟಿಮನೆಯಲ್ಲಿ ಅದು ಮೇಲಿನಿಂದ ಹೊರಬೀಳುವುದರಿಂದ ಶಬ್ದ ಉಬ್ಬುವುದಿಲ್ಲ, ಆದರೆ ತುಂಬುವುದಕ್ಕೆ ದೊಡ್ಡ ಸಬ್‌ವೂಫರ್ ಬೇಕಾಗುತ್ತದೆ.

ಪರದೆ, ಜಮಖಾನೆಗಳನ್ನು ಹಾಕಿದರೆ ಸರಿಹೋಗುತ್ತದೆ ಎಂಬ ನಂಬಿಕೆ ಕೆಳಶ್ರುತಿಯ ಮಟ್ಟಿಗೆ ನಿಜವಲ್ಲ. ತೆಳುವಾದ ಬಟ್ಟೆ, ತೆಳು ಸ್ಪಂಜು ಮೇಲಿನ ಶ್ರುತಿಗಳನ್ನಷ್ಟೇ ಹೀರುತ್ತವೆ. 40 ಹರ್ಟ್ಸ್‌ನ ಅಲೆಯ ಕಾಲು ಭಾಗವೇ ಎರಡು ಮೀಟರಿಗಿಂತ ಹೆಚ್ಚು. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸುವುದರಿಂದ ಧೂಳು ಕೂರುವುದನ್ನು ಬಿಟ್ಟರೆ ಕೆಳಶ್ರುತಿಗೆ ಏನೂ ಆಗುವುದಿಲ್ಲ.

ಆಯ್ಕೆ

ಸಬ್‌ವೂಫರನ್ನು ಅಂಗಡಿಯಲ್ಲಿ ಸಾಮಾನ್ಯವಾಗಿ ಎರಡು ಸಂಖ್ಯೆಗಳ ಮೇಲೆ ಮಾರುತ್ತಾರೆ: ಕೋನಿನ ಅಗಲ ಎಷ್ಟು ಇಂಚು, ಶಕ್ತಿ ಎಷ್ಟು ವಾಟ್. ಇವುಗಳಲ್ಲಿ ಮೊದಲನೆಯದಕ್ಕೆ ಅರ್ಥವಿದೆ. ಕೆಳಶ್ರುತಿ ಹುಟ್ಟಬೇಕಾದರೆ ಕೋನ್ ಬಹಳಷ್ಟು ಗಾಳಿಯನ್ನು ತಳ್ಳಬೇಕು. ಅಷ್ಟೇ ಗಟ್ಟಿಯಾಗಿ ಒಂದು ಸ್ಥಾಯಿ ಕೆಳಗೆ, ಅಂದರೆ ಅರ್ಧದಷ್ಟು ಕಂಪನಸಂಖ್ಯೆಯಲ್ಲಿ, ನುಡಿಸಬೇಕಾದರೆ ನಾಲ್ಕು ಪಟ್ಟು ಗಾಳಿಯನ್ನು ತಳ್ಳಬೇಕಾಗುತ್ತದೆ. 40 ಹರ್ಟ್ಸ್‌ನಲ್ಲಿ ಚೆನ್ನಾಗಿ ನುಡಿಯುವ ಚಿಕ್ಕ ಪೆಟ್ಟಿಗೆ 20 ಹರ್ಟ್ಸ್‌ನಲ್ಲಿ ಏದುಸಿರು ಬಿಡುವುದು ಇದಕ್ಕೆ. 12 ಇಂಚಿನ ಕೋನಿನ ವಿಸ್ತೀರ್ಣ 8 ಇಂಚಿನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಎಂಬುದನ್ನು ನೆನಪಿಡಬೇಕು. ಅಂಗಡಿಯಲ್ಲಿ ನೋಡಿದಾಗ ಅಷ್ಟು ವ್ಯತ್ಯಾಸ ಕಣ್ಣಿಗೆ ತೋರದು.

ವಾಟ್ ಸಂಖ್ಯೆಯ ವಿಷಯದಲ್ಲಿ ಗ್ರಾಹಕರು ಎಚ್ಚರದಿಂದಿರಬೇಕು. 'ಪಿಎಂಪಿಒ' ಎಂಬ ಗುರುತಿನೊಂದಿಗೆ ಸಾವಿರಾರು ವಾಟ್‌ಗಳನ್ನು ಪೆಟ್ಟಿಗೆಯ ಮೇಲೆ ಮುದ್ರಿಸುವ ಪದ್ಧತಿ ಭಾರತದ ಮಾರುಕಟ್ಟೆಯಲ್ಲಿ ಬಹುಕಾಲ ನಡೆಯಿತು. ಅದಕ್ಕೆ ಒಪ್ಪಿತವಾದ ಅಳತೆಯ ಮಾನದಂಡವೇ ಇಲ್ಲ. ನೋಡಬೇಕಾದದ್ದು 'ಆರ್‌ಎಂಎಸ್' ಎಂದು ನಮೂದಿಸಿದ ಸತತ ಶಕ್ತಿಯನ್ನು. ಅದರಲ್ಲಿಯೂ ಎರಡರಷ್ಟು ವಾಟ್ ಎಂದರೆ ಕೇವಲ 3 ಡೆಸಿಬಲ್ ಹೆಚ್ಚಳ. ಅದು ಕೇಳಿ ಗುರುತಿಸುವಷ್ಟೇ ಹೊರತು ಎರಡರಷ್ಟು ಗಟ್ಟಿಯಲ್ಲ. ಹಾಗೆಯೇ '20 ಹರ್ಟ್ಸ್‌ವರೆಗೆ' ಎಂಬ ಘೋಷಣೆಯ ಪಕ್ಕದಲ್ಲಿ ಎಷ್ಟು ಡೆಸಿಬಲ್ ಇಳಿಕೆಯೊಳಗೆ ಎಂಬುದು ಇಲ್ಲದಿದ್ದರೆ ಆ ಸಂಖ್ಯೆಗೆ ಬೆಲೆಯಿಲ್ಲ. 3 ಡೆಸಿಬಲ್ ಇಳಿದು 20 ಹರ್ಟ್ಸ್ ತಲುಪುವುದೂ 10 ಡೆಸಿಬಲ್ ಇಳಿದು ತಲುಪುವುದೂ ಒಂದೇ ಅಲ್ಲ.

ಪೆಟ್ಟಿಗೆಯ ರಚನೆಯಲ್ಲಿ ಮುಖ್ಯವಾಗಿ ಎರಡು ಬಗೆ. ಪೂರ್ತಿ ಮುಚ್ಚಿದ ಪೆಟ್ಟಿಗೆಯನ್ನು ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ ಸಮರ್ಥವಾಗಿ ರೂಪಿಸಿ ತೋರಿಸಿದರು. ಒಳಗೆ ಸಿಕ್ಕಿಕೊಂಡ ಗಾಳಿಯೇ ಅದರಲ್ಲಿ ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಎರಡನೆಯದು ಕೊಳವೆಯಿರುವ ಪೆಟ್ಟಿಗೆ. ಬಾಟಲಿಯ ಬಾಯಿಗೆ ಅಡ್ಡಲಾಗಿ ಊದಿದಾಗ 'ಬೂಂ' ಎನ್ನುವ ನಾದ ಹೊರಡುತ್ತದಷ್ಟೆ; ಆ ತತ್ತ್ವವೇ ಇಲ್ಲಿ ಕೋನಿಗೆ ನೆರವಾಗುತ್ತದೆ. ಕೊಳವೆಯ ಶ್ರುತಿಯವರೆಗೆ ಇದು ಅದೇ ಶಕ್ತಿಯಲ್ಲಿ ಹೆಚ್ಚು ಶಬ್ದ ಕೊಡುತ್ತದೆ. ಅದಕ್ಕಿಂತ ಕೆಳಗೆ ಮಾತ್ರ ಒಮ್ಮೆಲೇ ಕುಸಿಯುತ್ತದೆ: ಒಂದು ಸ್ಥಾಯಿಗೆ 24 ಡೆಸಿಬಲ್‌ನಂತೆ. ಮುಚ್ಚಿದ ಪೆಟ್ಟಿಗೆಯ ಇಳಿಕೆ 12 ಡೆಸಿಬಲ್‌ನಂತೆ ನಿಧಾನವಾದದ್ದು. ಚಿಕ್ಕ ಕೋಣೆ ತಾನೇ ಕೆಳಶ್ರುತಿಯನ್ನು ಏರಿಸುವುದರಿಂದ ಅಂಥಲ್ಲಿ ಮುಚ್ಚಿದ ಪೆಟ್ಟಿಗೆ ಚೆನ್ನಾಗಿ ಹೊಂದುತ್ತದೆ. 'ಮುಚ್ಚಿದ್ದು ಸಂಗೀತಕ್ಕೆ, ಕೊಳವೆಯದು ಸಿನಿಮಾಕ್ಕೆ' ಎಂಬ ಮಾತು ಚಾಲ್ತಿಯಲ್ಲಿದೆಯಾದರೂ ಅದು ಅತಿಸರಳೀಕರಣ. ಒಳ್ಳೆಯ ವಿನ್ಯಾಸ ಎರಡಕ್ಕೂ ಒದಗುತ್ತದೆ.

ಪೆಟ್ಟಿಗೆ ಚಿಕ್ಕದಾಗಿರಬೇಕು, ಬಹಳ ಕೆಳಗೆ ಇಳಿಯಬೇಕು, ಕಡಿಮೆ ವಿದ್ಯುತ್ತಿನಲ್ಲಿ ಗಟ್ಟಿಯಾಗಿ ನುಡಿಯಬೇಕು: ಈ ಮೂರರಲ್ಲಿ ಎರಡನ್ನು ಪಡೆಯಬಹುದೇ ಹೊರತು ಮೂರನ್ನೂ ಅಲ್ಲ. ಇದನ್ನು ಎಂಜಿನಿಯರರು ಹಾಫ್‌ಮನ್ನನ ಉಕ್ಕಿನ ನಿಯಮ ಎನ್ನುತ್ತಾರೆ. 1961ರಲ್ಲಿ ಆಸ್ಟ್ರೇಲಿಯದ ನೆವಿಲ್ ತೀಲ್, 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಇವರು ಪೆಟ್ಟಿಗೆಯ ಅಳತೆಯನ್ನು ಗಣಿತದಿಂದಲೇ ನಿರ್ಣಯಿಸುವ ವಿಧಾನವನ್ನು ಕೊಟ್ಟ ಮೇಲೆ ಈ ನಿಯಮದೊಳಗೆ ಎಷ್ಟು ಹೊಂದಾಣಿಕೆ ಸಾಧ್ಯ ಎಂಬುದು ಸ್ಪಷ್ಟವಾಯಿತು. ನಿಯಮ ಮಾತ್ರ ಸಡಿಲಲಿಲ್ಲ. ಅಂಗೈಯಗಲದ ಪೆಟ್ಟಿಗೆಯಿಂದ ಚಿತ್ರಮಂದಿರದ ಗುಡುಗು ಬರುತ್ತದೆಂದು ಹೇಳುವ ಜಾಹೀರಾತನ್ನು ಈ ಹಿನ್ನೆಲೆಯಲ್ಲಿ ಓದಿಕೊಳ್ಳಬಹುದು.

ಸ್ಥೂಲವಾಗಿ ಹೇಳುವುದಾದರೆ ಹತ್ತಡಿ ಚೌಕದ ಕೋಣೆಗೆ 8 ಅಥವಾ 10 ಇಂಚಿನ ಮುಚ್ಚಿದ ಸಬ್‌ವೂಫರ್ ಸಾಕು. ಮೇಲೆ ಲೆಕ್ಕ ಹಾಕಿದ 5 ಮೀಟರ್ ಹಜಾರಕ್ಕೆ 10ರಿಂದ 12 ಇಂಚಿನದು ಬೇಕು. ಊಟದ ಮನೆ, ಮೆಟ್ಟಿಲುಸಾಲುಗಳಿಗೆ ತೆರೆದುಕೊಂಡ ಹಜಾರವಾದರೆ ಆ ಎಲ್ಲ ಜಾಗದ ಗಾಳಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕುರ್ಚಿಯಿರುವ ಭಾಗವನ್ನು ಮಾತ್ರ ಅಳೆದರೆ ಸಾಲದು.

ಜಾಗದ ನಿರ್ಣಯ

ನೆಲ, ಗೋಡೆಗಳು ಶಬ್ದವನ್ನು ಮುಂದಕ್ಕೆ ತಿರುಗಿಸುವುದರಿಂದ ಅವುಗಳಿಗೆ ಹತ್ತಿರವಾದಷ್ಟೂ ಸಬ್‌ವೂಫರಿನ ಶಬ್ದ ಏರುತ್ತದೆ. ಸಿದ್ಧಾಂತದ ಪ್ರಕಾರ ಹೆಚ್ಚಿನ ಒಂದೊಂದು ಮೇಲ್ಮೈಗೂ 6 ಡೆಸಿಬಲ್‌ವರೆಗೆ. ನಿಜವಾದ ಕೋಣೆಯಲ್ಲಿ ಅದಕ್ಕಿಂತ ಕಡಿಮೆ. ಎರಡು ಗೋಡೆಗಳು ನೆಲಕ್ಕೆ ಸೇರುವ ಮೂಲೆಯಲ್ಲಿ ಈ ಲಾಭ ಅತ್ಯಧಿಕ. ಆದರೆ ಮೂಲೆಯಲ್ಲಿಟ್ಟ ಪೆಟ್ಟಿಗೆ ಕೋಣೆಯ ಎಲ್ಲ ಅನುರಣನಗಳನ್ನೂ ಎಬ್ಬಿಸುತ್ತದೆ. ಗೋಡೆಯ ನಡುಬಿಂದುವಿನಲ್ಲಿಟ್ಟರೆ ಆ ಗೋಡೆಯುದ್ದದ ಮೊದಲ ಅನುರಣನ ಏಳುವುದಿಲ್ಲ. ಬೋಗುಣಿಯ ನಟ್ಟನಡುವೆ ಕೈಯಾಡಿಸಿ ನೀರನ್ನು ಅಂಚಿನಿಂದ ಅಂಚಿಗೆ ತುಯ್ಯುವಂತೆ ಮಾಡುವುದು ಕಷ್ಟವಾಗುವಂತೆ ಇದು. ಸಬ್‌ವೂಫರ್ ಚಿಕ್ಕದಾಗಿದ್ದು ಶಕ್ತಿ ಸಾಲದಿದ್ದರೆ ಮೂಲೆ, ಶಕ್ತಿ ಸಾಕಷ್ಟಿದ್ದರೆ ಮುಂಗೋಡೆಯ ನಡುಭಾಗದ ಆಸುಪಾಸು ಎಂದು ಮೊದಲ ಪ್ರಯತ್ನಕ್ಕೆ ಇಟ್ಟುಕೊಳ್ಳಬಹುದು.

ಕೋಣೆಯಲ್ಲಿ ಕಿಟಕಿ, ಬಾಗಿಲು, ಕಪಾಟುಗಳಿರುವುದರಿಂದ ಕಾಗದದ ಲೆಕ್ಕ ಅಂದಾಜಿಗಷ್ಟೆ. ನಿಜವಾದ ಜಾಗ ಹುಡುಕಲು ಬಳಕೆಯಲ್ಲಿರುವ ಉಪಾಯವೊಂದು ಸರಳವಾದರೂ ಶಾಸ್ತ್ರಸಮ್ಮತವಾದದ್ದು. ಶಬ್ದ ಹುಟ್ಟುವ ಜಾಗ ಮತ್ತು ಕೇಳುವ ಜಾಗಗಳನ್ನು ಅದಲುಬದಲು ಮಾಡಿದರೂ ಅವೆರಡರ ನಡುವೆ ಕೋಣೆ ಮಾಡುವ ಪರಿಣಾಮ ಬದಲಾಗುವುದಿಲ್ಲ ಎಂಬ ಪರಸ್ಪರತೆಯ ತತ್ತ್ವ ಇದಕ್ಕೆ ಆಧಾರ. ಸಬ್‌ವೂಫರನ್ನು ನೀವು ಕೂರುವ ಆಸನದ ಮೇಲೆಯೇ, ಅದಾಗದಿದ್ದರೆ ಆ ಆಸನವಿದ್ದ ಜಾಗದಲ್ಲಿ, ಇಡಬೇಕು. ಕೆಳಗಿನಿಂದ ಮೇಲಕ್ಕೆ ಒಂದೊಂದೇ ಸ್ವರ ನಡೆಯುವ ಬೇಸ್ ಗಿಟಾರಿನ ತುಣುಕನ್ನು ಮತ್ತೆ ಮತ್ತೆ ಬರುವಂತೆ ಹಾಕಬೇಕು. ಅನಂತರ ಸಬ್‌ವೂಫರ್ ಇಡಲು ಸಾಧ್ಯವಿರುವ ಜಾಗಗಳಲ್ಲೆಲ್ಲ ನೆಲದ ಬಳಿ ಕಿವಿಯಿಟ್ಟು ಕೇಳುತ್ತ ಅಂಬೆಗಾಲಿನಲ್ಲಿ ಸಾಗಬೇಕು. ಎಲ್ಲಿ ಎಲ್ಲ ಸ್ವರಗಳೂ ಸಮನಾಗಿ ಕೇಳಿಸುತ್ತವೆಯೋ ಅದೇ ಪೆಟ್ಟಿಗೆಯ ಜಾಗ. ಅತಿ ಗಟ್ಟಿಯಾಗಿ ಕೇಳುವ ಜಾಗವನ್ನು ಆರಿಸುವ ಪ್ರಲೋಭನೆಗೆ ಒಳಗಾಗಬಾರದು. ಮೊಣಕಾಲು ನೋವಿರುವ ಹಿರಿಯರು ಈ ಕೆಲಸಕ್ಕೆ ಮೊಮ್ಮಕ್ಕಳನ್ನು ಕರೆಯಬಹುದು. ಅವರ ಕಿವಿಯೂ ಚುರುಕು, ಅಂಬೆಗಾಲಿಡಲು ಬೇಸರವೂ ಇರುವುದಿಲ್ಲ.

ಟಿವಿ ಷೋಕೇಸಿನ ಗೂಡಿನೊಳಗೆ ಸಬ್‌ವೂಫರನ್ನು ತುರುಕಬಾರದು. ಗೂಡೇ ಎರಡನೆಯ ಪೆಟ್ಟಿಗೆಯಂತೆ ನುಡಿಯತೊಡಗುತ್ತದೆ. ಕೊಳವೆ ಹಿಂಬದಿಯಲ್ಲಿದ್ದರೆ ಗೋಡೆಯಿಂದ ಕನಿಷ್ಠ ಅರ್ಧ ಅಡಿ ಬಿಡಬೇಕು. ನಿತ್ಯ ನೀರು ಹಾಕಿ ನೆಲ ಒರೆಸುವ ಮನೆಗಳಲ್ಲಿ ಎಂಡಿಎಫ್ ಹಲಗೆಯ ಪೆಟ್ಟಿಗೆಯ ಬುಡ ತೇವ ಕುಡಿದು ಉಬ್ಬುವುದುಂಟು. ಕೆಳಗೆ ರಬ್ಬರಿನ ಕಾಲು ಇರುವುದು ಒಳ್ಳೆಯದು. ಶಬ್ದ ಕೆಟ್ಟಂತೆ ತೋರಿದಾಗ ಕೋಣೆಯಲ್ಲಿ ಅದುರುವ ವಸ್ತುಗಳನ್ನೂ ಪರೀಕ್ಷಿಸಬೇಕು. ಸ್ಟೀಲ್ ಬೀರುವಿನ ಬಾಗಿಲು, ಕಿಟಕಿಯ ಗಾಜು, ಷೋಕೇಸಿನ ಬೊಂಬೆ, ಮೊಳೆಗೆ ತೂಗಿದ ಕ್ಯಾಲೆಂಡರಿನ ತಗಡು ಇವು 30-60 ಹರ್ಟ್ಸ್‌ನಲ್ಲಿ ಟರ್ರೆನ್ನುತ್ತ ಸಬ್‌ವೂಫರಿನ ಮೇಲೆ ಅಪವಾದ ತರುತ್ತವೆ.

ಒಂದಕ್ಕಿಂತ ಹೆಚ್ಚು ಸಬ್‌ವೂಫರ್

ಒಂದೇ ಸಬ್‌ವೂಫರಿನಿಂದ ಒಂದು ಆಸನಕ್ಕೆ ಒಳ್ಳೆಯ ಶಬ್ದ ಕೊಡಬಹುದು. ಸೋಫಾದ ಮೂವರಿಗೂ ಒಂದೇ ಬಗೆಯ ಶಬ್ದ ಕೊಡುವುದು ಕಷ್ಟ. 2002ರಲ್ಲಿ ಹಾರ್ಮನ್ ಸಂಸ್ಥೆಯ ಟಾಡ್ ವೆಲ್ಟಿ ಆಯತಾಕಾರದ ಕೋಣೆಗಳಲ್ಲಿ ಎಷ್ಟು ಸಬ್‌ವೂಫರುಗಳನ್ನು ಎಲ್ಲೆಲ್ಲಿ ಇಟ್ಟರೆ ಆಸನದಿಂದ ಆಸನಕ್ಕೆ ವ್ಯತ್ಯಾಸ ಕಡಿಮೆಯಾಗುತ್ತದೆ ಎಂಬುದರ ಅಧ್ಯಯನವನ್ನು ಪ್ರಕಟಿಸಿದರು. ನಾಲ್ಕು ಗೋಡೆಗಳ ನಡುಬಿಂದುಗಳಲ್ಲಿ ನಾಲ್ಕು, ಅಥವಾ ನಾಲ್ಕು ಮೂಲೆಗಳಲ್ಲಿ ನಾಲ್ಕು ಉತ್ತಮವೆಂದೂ, ಎದುರುಬದುರು ಗೋಡೆಗಳ ನಡುಬಿಂದುಗಳಲ್ಲಿ ಎರಡಿಟ್ಟರೂ ಬಹುಪಾಲು ಪ್ರಯೋಜನ ಸಿಗುತ್ತದೆಂದೂ ಅದರಿಂದ ತಿಳಿದುಬಂದಿತು. ಮುಂದಿನ ಮತ್ತು ಹಿಂದಿನ ಗೋಡೆಗಳ ನಡುವೆ ಇಟ್ಟ ಎರಡು ಪೆಟ್ಟಿಗೆಗಳು ಒಟ್ಟಿಗೇ ತಳ್ಳಿದಾಗ ಉದ್ದದ ಮೊದಲ ಅನುರಣನವನ್ನು ಪರಸ್ಪರ ರದ್ದುಗೊಳಿಸುತ್ತವೆ: ಬೋಗುಣಿಯ ನೀರನ್ನು ಎರಡೂ ಅಂಚುಗಳಿಂದ ಒಮ್ಮೆಗೇ ತಳ್ಳಿದರೆ ಅದು ಅತ್ತಿತ್ತ ತುಯ್ಯಲಾರದು. ಹಣ ಮಿತವಾಗಿದ್ದು ಮನೆಮಂದಿಯೆಲ್ಲ ಕೂತು ನೋಡುವ ಹಜಾರವಾದರೆ 15 ಇಂಚಿನ ಒಂದಕ್ಕಿಂತ 10 ಇಂಚಿನ ಎರಡು ಮೇಲು.

ಹೊಂದಿಕೆ

ಕೆಳಶ್ರುತಿಯನ್ನು ಬೇರ್ಪಡಿಸುವ ಗಡಿಗೆ ಕ್ರಾಸ್‌ಓವರ್ ಎಂದು ಹೆಸರು. ಟಿಎಚ್‌ಎಕ್ಸ್ ಮಾನದಂಡದ 80 ಹರ್ಟ್ಸ್ ಹೆಚ್ಚಿನ ಕಡೆ ಹೊಂದುತ್ತದೆ. ಅಂಗೈಯಗಲದ ಧ್ವನಿವರ್ಧಕಗಳಿರುವ ಅಗ್ಗದ ಜೋಡಣೆಗಳಲ್ಲಿ ಇದನ್ನು 120 ಅಥವಾ 150ಕ್ಕೆ ಏರಿಸಬೇಕಾಗುತ್ತದೆ. ಆಗ ಶಬ್ದದ ದಿಕ್ಕು ತಿಳಿಯತೊಡಗುವುದರಿಂದ ಸಬ್‌ವೂಫರನ್ನು ಪರದೆಯ ಹತ್ತಿರವೇ ಇಡಬೇಕು. ರಿಸೀವರಿನಲ್ಲಿ ಇತರ ಧ್ವನಿವರ್ಧಕಗಳನ್ನು 'ಸ್ಮಾಲ್' ಎಂದು ನಮೂದಿಸಿ, ಸಬ್‌ವೂಫರಿನ ಹಿಂಬದಿಯ ಕ್ರಾಸ್‌ಓವರ್ ತಿರುಗಣೆಯನ್ನು ಪೂರ್ತಿ ಮೇಲಕ್ಕೆ ಇಡಬೇಕು. ಇಲ್ಲವಾದರೆ ಎರಡು ಕಡೆ ಶೋಧನೆಯಾಗಿ ನಡುವೆ ಹಳ್ಳ ಬೀಳುತ್ತದೆ.

'ಫೇಸ್' ಎಂಬ ಗುಂಡಿ ಸಬ್‌ವೂಫರಿನ ಕೋನ್ ಇತರ ಧ್ವನಿವರ್ಧಕಗಳೊಂದಿಗೆ ಒಮ್ಮೆಗೇ ಮುಂದೆ ಚಲಿಸುವಂತೆ ಮಾಡಲು ಇರುವುದು. 0 ಮತ್ತು 180 ಎರಡನ್ನೂ ಹಾಕಿ, ಆಸನದಲ್ಲಿ ಕೂತು, ಕ್ರಾಸ್‌ಓವರಿನ ಸುತ್ತಮುತ್ತಲ ಸ್ವರಗಳು ಯಾವುದರಲ್ಲಿ ತುಂಬಿ ಕೇಳುತ್ತವೆಯೋ ಅದನ್ನು ಉಳಿಸಿಕೊಳ್ಳಬೇಕು. ರಿಸೀವರ್ ತಾನೇ ಅಳೆದು ಸಬ್‌ವೂಫರಿನ ದೂರವನ್ನು ಟೇಪಿನ ಅಳತೆಗಿಂತ ಹೆಚ್ಚಾಗಿ ತೋರಿಸಿದರೆ ಅದು ದೋಷವಲ್ಲ. ಸಬ್‌ವೂಫರಿನೊಳಗಿನ ವಿದ್ಯುನ್ಮಂಡಲ ಮಾಡುವ ವಿಳಂಬವನ್ನು ಅದು ದೂರವಾಗಿ ಲೆಕ್ಕ ಹಿಡಿದಿರುತ್ತದೆ. ಶಬ್ದ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕು.

ಸರಿಯಾಗಿ ಅಳೆಯಬೇಕೆನ್ನುವವರಿಗೆ ರೂಮ್ ಇಕ್ಯೂ ವಿಝರ್ಡ್ ಎಂಬ ಉಚಿತ ತಂತ್ರಾಂಶವೂ ಅದಕ್ಕೆ ಹೊಂದುವ ಅಳತೆಯ ಮೈಕುಗಳೂ ಇವೆ. ಮೊಬೈಲಿನ ಮೈಕು ಮಾತಿಗಾಗಿ ಮಾಡಿದ್ದಾದ್ದರಿಂದ ಕೆಳಶ್ರುತಿಯ ಅಳತೆಗೆ ನಂಬಲರ್ಹವಲ್ಲ. ಈಕ್ವಲೈಸರಿನಿಂದ ಉಬ್ಬನ್ನು ತಗ್ಗಿಸಬಹುದು. ಅಲೆಗಳು ಪರಸ್ಪರ ಅಳಿಸಿಕೊಂಡು ಆದ ಹಳ್ಳವನ್ನು ತುಂಬಲಾಗದು. 10 ಡೆಸಿಬಲ್ ಏರಿಸಲು ಹತ್ತು ಪಟ್ಟು ವಿದ್ಯುತ್ ಬೇಕು. ಅಷ್ಟು ಸುರಿದರೂ ಅದು ಅಳಿಯುವ ಜಾಗದಲ್ಲಿ ಅಳಿದೇ ಹೋಗುತ್ತದೆ. ಹಳ್ಳಕ್ಕೆ ಮದ್ದು ಪೆಟ್ಟಿಗೆಯನ್ನೋ ಆಸನವನ್ನೋ ಸರಿಸುವುದು.

ಗುಂಯ್‌ಗುಡುವಿಕೆ ಮತ್ತು ಅರ್ಥಿಂಗ್

ಏನೂ ಹಾಕದಿದ್ದಾಗಲೂ ಸಬ್‌ವೂಫರಿನಿಂದ ಬರುವ ಗುಂಯ್ ಎಂಬ ಸದ್ದು ನಮ್ಮ ವಿದ್ಯುತ್ತಿನ 50 ಹರ್ಟ್ಸ್‌ನದು. ಉಪಕರಣಗಳು ಬೇರೆ ಬೇರೆ ದಾರಿಗಳಲ್ಲಿ ಭೂಮಿಗೆ ಸೇರಿದಾಗ ಆಗುವ ಸುತ್ತು ಇದಕ್ಕೆ ಸಾಮಾನ್ಯ ಕಾರಣ. ಕೇಬಲ್ ಟಿವಿಯ ತಂತಿ ಅನೇಕ ಬಾರಿ ಇದರ ಮೂಲ. ಆ ತಂತಿಯನ್ನು ಬಿಚ್ಚಿದಾಗ ಸದ್ದು ನಿಂತರೆ ಅದಕ್ಕೆ ಐಸೊಲೇಟರ್ ಹಾಕಬೇಕು. ಎಲ್ಲ ಉಪಕರಣಗಳನ್ನೂ ಒಂದೇ ಗೋಡೆಯ ಸಾಕೆಟ್ಟಿನಿಂದ ತೆಗೆದುಕೊಂಡರೂ ಎಷ್ಟೋ ಬಾರಿ ಗುಣವಾಗುತ್ತದೆ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥ್ ಪಿನ್ನನ್ನು ಕಳಚಿದರೆ ಸದ್ದು ನಿಲ್ಲುತ್ತದೆ ಎಂಬ ಸಲಹೆಯನ್ನು ಯಾವ ಕಾರಣಕ್ಕೂ ಪಾಲಿಸಬಾರದು. ಒಳಗೆ ತಂತಿ ಸಡಿಲವಾಗಿ ಲೋಹದ ಭಾಗಕ್ಕೆ ತಾಗಿದ ದಿನ ಆ ಪಿನ್ನೇ ಜೀವರಕ್ಷಕ. ಅದಿಲ್ಲದಿದ್ದರೆ 230 ವೋಲ್ಟ್ ಮುಟ್ಟಿದವರ ಮೈಮೂಲಕ ಹರಿಯುತ್ತದೆ.

ನೆರೆಹೊರೆ ಮತ್ತು ಕಾನೂನು

ಉದ್ದವಾದ ಅಲೆಗಳನ್ನು ಗೋಡೆ ಸುಲಭವಾಗಿ ತಡೆಯಲಾರದು. ಸಂಭಾಷಣೆ ಪಕ್ಕದ ಮನೆಗೆ ಕೇಳದಿರಬಹುದು, ಆದರೆ ಸಬ್‌ವೂಫರಿನ ಗುಡುಗು ಕೇಳುತ್ತದೆ. ಬಹುಮಹಡಿ ಕಟ್ಟಡದಲ್ಲಿ ಕಂಪನವು ನೆಲದ ಮೂಲಕವೇ ಕೆಳಗಿನ ಮನೆಗೆ ಇಳಿಯುತ್ತದೆ. ಪೆಟ್ಟಿಗೆಯ ಅಡಿಗೆ ಹಾಕುವ ರಬ್ಬರ್ ಅಥವಾ ಫೋಮ್ ಹಾಸು ನೆಲಕ್ಕೆ ನೇರವಾಗಿ ತಾಗುವ ಕಂಪನವನ್ನು ಕಡಿಮೆ ಮಾಡುತ್ತದೆ. ಗಾಳಿಯಲ್ಲಿ ಹೋಗುವ ಶಬ್ದವನ್ನು ಅದು ತಡೆಯುವುದಿಲ್ಲ.

ಭಾರತದ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿಯೆಂದರೆ 10ರಿಂದ ಬೆಳಗಿನ 6 ಗಂಟೆಯವರೆಗೆ. ಖಾಸಗಿ ಮನೆಯ ಧ್ವನಿವ್ಯವಸ್ಥೆಯ ಶಬ್ದ ಆ ಜಾಗದ ಎಲ್ಲೆಯಲ್ಲಿ ಈ ಮಿತಿಗಿಂತ 5 ಡೆಸಿಬಲ್‌ಗಿಂತ ಹೆಚ್ಚಾಗಿ ಮೀರಬಾರದು. ಇಲ್ಲೊಂದು ಸೂಕ್ಷ್ಮವಿದೆ. ಈ ಅಳತೆ 'ಎ' ತೂಕದ್ದು. ಕಿವಿಯ ಮಂದತನವನ್ನು ಅನುಸರಿಸಿ ಅದು ಕೆಳಶ್ರುತಿಯನ್ನು ಬಹಳ ಕಡಿಮೆ ಮಾಡಿ ಎಣಿಸುತ್ತದೆ. 63 ಹರ್ಟ್ಸ್‌ನಲ್ಲಿ ಸುಮಾರು 26 ಡೆಸಿಬಲ್, 31.5 ಹರ್ಟ್ಸ್‌ನಲ್ಲಿ ಸುಮಾರು 39 ಡೆಸಿಬಲ್ ಕಳೆದುಹೋಗುತ್ತದೆ. ಮಾಪಕ ಮಿತಿಯೊಳಗೇ ತೋರಿಸುತ್ತಿದ್ದರೂ ಕೆಳಮನೆಯ ವೃದ್ಧರ ಹಾಸಿಗೆ ಅದುರುತ್ತಿರಬಹುದು. ನೆರೆಯವರ ದೂರನ್ನು ಮಾಪಕ ತೋರಿಸಿ ತಳ್ಳಿಹಾಕುವುದು ಆದ್ದರಿಂದ ನ್ಯಾಯವೆನಿಸದು.

ರಾತ್ರಿಯ ಹೊತ್ತು ನೋಡುವವರಿಗಾಗಿ ಅನೇಕ ರಿಸೀವರುಗಳಲ್ಲಿ 'ನೈಟ್ ಮೋಡ್' ಇರುತ್ತದೆ. ಅದು ಅತಿ ಗಟ್ಟಿಯಾದ ಭಾಗಗಳನ್ನು ತಗ್ಗಿಸಿ ಸಂಭಾಷಣೆಯನ್ನು ಸ್ಪಷ್ಟವಾಗಿಡುತ್ತದೆ. ನಡುಕದ ಅನುಭವ ಬೇಕೇಬೇಕೆನ್ನುವವರು ಆಸನದ ಅಡಿಗೆ ಜೋಡಿಸುವ ಕಂಪಕವನ್ನು ಬಳಸಬಹುದು. ಕೋನ್ ಇಲ್ಲದ ಈ ಸಾಧನ ಗಾಳಿಯನ್ನು ತಳ್ಳದೆ ಕುರ್ಚಿಯನ್ನಷ್ಟೇ ಅಲುಗಿಸುತ್ತದೆ. ಕುರ್ಚಿಯ ಕಾಲಿಗೆ ರಬ್ಬರ್ ಹಾಕಿದ್ದರೆ ಆ ಅದುರು ಕೆಳಮನೆಗೂ ಹೆಚ್ಚಾಗಿ ಇಳಿಯುವುದಿಲ್ಲ.